ಹಿಪ್ಪರಗಿಯ ಫೈಲು ಪ್ಲೇಟಿಗೇರುವ ತನಕ

ಹೊರಗಿನವರಿಗೆ ಹಿಪ್ಪರಗಿ ಗೊತ್ತಿರುವುದು ಕೃಷ್ಣೆಗೆ ಕಟ್ಟಿದ ಬ್ಯಾರೇಜಿನಿಂದ. ಈ ಭಾಗದ ಹಳ್ಳಿಗಳಲ್ಲಿ ವರ್ಷವಿಡೀ ಏನಾದರೊಂದು ಅಚ್ಚಾಗುತ್ತಲೇ ಇರಬೇಕು: ಜಾತ್ರೆಯ ಕರಪತ್ರ, ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಸೊಸೈಟಿಯ ವಾರ್ಷಿಕ ವರದಿ, ಯಾರದೋ ಮೊದಲ ಕವನ ಸಂಕಲನ. ಮ್ಯಾಟರನ್ನು ಹಾಳೆಯಲ್ಲಿ ಬರೆದು, ಫೋಟೊಗಳನ್ನು ಮೊಬೈಲಿನಲ್ಲಿಟ್ಟುಕೊಂಡು ಜನ ಬನಹಟ್ಟಿ, ಜಮಖಂಡಿಯ ಡಿಟಿಪಿ ಅಂಗಡಿಗಳಿಗೆ ಹೋಗುತ್ತಾರೆ. ಕೆಲಸ ದೊಡ್ಡದಾದರೆ ಅಲ್ಲಿಂದ ಪಿಡಿಎಫ್ ಗದಗಿಗೋ ಹುಬ್ಬಳ್ಳಿಗೋ ಹೊರಡುತ್ತದೆ. ಫೈಲು ಹೋದ ದಾರಿಯಲ್ಲೇ ನಾನೂ ಹೋದೆ.

ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಬಿಡುವುದಿಲ್ಲ. ಅಂಥದೊಂದು ಓಣಿಯ ಬಾಯಿಗೆ ಡಿಟಿಪಿ ಅಂಗಡಿ. ಪರದೆಯ ಮೇಲೆ ನಾಟಕದ ಹ್ಯಾಂಡ್‌ಬಿಲ್ಲು, ತುಂಬ ಪಾತ್ರಧಾರಿಗಳ ಫೋಟೊ, ಮಧ್ಯೆ ದಪ್ಪಕ್ಷರದಲ್ಲಿ ಊರಿನ ಹೆಸರು. ‘ಸರ, ಇಲ್ಲಿ ಛೊಲೊ ಕಾಣತೈತ್ರಿ. ಬ್ಯಾರೆ ಕಂಪ್ಯೂಟರಿಗೆ ಹ್ವಾದ್ರ ಅಕ್ಷರ ಒಡೀತಾವು’ ಎಂದ ಹುಡುಗ ಅದೇ ಫೈಲನ್ನು ಪಕ್ಕದ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ಹಿಪ್ಪರಗಿ ಹೋಗಿ ‘ಹಿಪ್‌ಪರಗಿ’ ಆಗಿತ್ತು. ಕಾರ್ಯಕ್ರಮ ‘ಕಾರ್‌ಯಕ್‌ರಮ’ ಆಗಿತ್ತು. ಊರಿನ ಹೆಸರೇ ಹೀಗೆ ಒಡೆದು ಸಾವಿರ ಪ್ರತಿ ಅಚ್ಚಾದರೆ ಊರವರಿಗೆ ಎಷ್ಟು ಬೇಜಾರಾಗಬೇಡ!

ಹೀಗಾಗಲು ಕಾರಣವಿದೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಒತ್ತು, ಕೊಂಬು, ದೀರ್ಘ ಎಲ್ಲವೂ ಬಿಡಿಬಿಡಿ. ಆ ಫಾಂಟು ಜೊತೆಗಿಲ್ಲದಿದ್ದರೆ ಪುಟದ ತುಂಬ ಅರ್ಥವಾಗದ ರೋಮನ್ ಅಕ್ಷರಗಳೇ. ಯುನಿಕೋಡಿನ ದಾರಿ ಬೇರೆ. ಅಲ್ಲಿ ‘ಪ’ಕ್ಕೆ ‘ಪ’ ಒತ್ತು ಕೂಡಿಸುವುದು ಫಾಂಟಿನೊಳಗಿನ ನಿಯಮ, ಮತ್ತು ಆ ನಿಯಮ ಓದಬಲ್ಲ ಸಾಫ್ಟ್‌ವೇರು. ಪೇಜ್‌ಮೇಕರಿಗೆ ಅದು ಬಾರದು. ಇನ್‌ಡಿಸೈನಿನಲ್ಲೂ ಪ್ಯಾರಾಗ್ರಾಫಿಗೆ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿಕೊಳ್ಳದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ.

ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ತಂದದ್ದೇ ಎಲ್ಲಿ ತೆರೆದರೂ ಪುಟ ಹಾಗೆಯೇ ಕಾಣಲಿ ಎಂದು. ಆದರೆ ಫಾಂಟು ಫೈಲಿನೊಳಗೇ ಅಡಕವಾಗಿದ್ದರೆ ಮಾತ್ರ ಆ ಮಾತು ಉಳಿಯುತ್ತದೆ. ಪರೀಕ್ಷಿಸುವುದು ಸುಲಭ. ಅಕ್ರೋಬ್ಯಾಟ್ ರೀಡರಿನಲ್ಲಿ ಫೈಲ್ ತೆರೆದು ಪ್ರಾಪರ್ಟೀಸ್‌ಗೆ ಹೋಗಿ, ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಎಂದಿರಬೇಕು. ಒಂದಕ್ಕೆ ಇಲ್ಲದಿದ್ದರೂ ಆ ಫೈಲು ಪ್ರೆಸ್ಸಿಗೆ ಹೋಗಬಾರದು.

ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುವವರು ಅಕ್ಷರವನ್ನೆಲ್ಲ ‘ಕರ್ವ್ಸ್’ ಮಾಡಿ ಕಳಿಸಿಬಿಡುತ್ತಾರೆ. ಅಕ್ಷರ ಚಿತ್ರವಾದ ಮೇಲೆ ಒಡೆಯುವ ಭಯವಿಲ್ಲ. ಹ್ಯಾಂಡ್‌ಬಿಲ್ಲಿಗೆ, ಮುಖಪುಟಕ್ಕೆ ಇದು ಸರಿಯೇ. ಇನ್ನೂರು ಪುಟದ ಪುಸ್ತಕಕ್ಕೆ ಮಾತ್ರ ಬೇಡ. ಫೈಲು ಭಾರವಾಗುತ್ತದೆ, ಕೊನೇ ಗಳಿಗೆಯಲ್ಲಿ ಒಂದು ಕಾಗುಣಿತ ತಿದ್ದಲಿಕ್ಕೂ ಬರುವುದಿಲ್ಲ. ಕರ್ವ್ಸ್ ಮಾಡುವ ಮೊದಲು ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಲೇಬೇಕು.

ಗದಗ-ಬೆಟಗೇರಿಗೆ ‘ಮುದ್ರಣ ಕಾಶಿ’ ಎಂಬ ಹೆಸರೇ ಇದೆ. ಅಲ್ಲಿನ ಪ್ರೆಸ್ಸೊಂದರಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಯಂತ್ರದ ಮುಂದಲ್ಲ, ಸಿಟಿಪಿ ಕೋಣೆಯಲ್ಲಿ. ಪಿಡಿಎಫ್ ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಮೂಡುವುದು ಇಲ್ಲಿ. ನಾಲ್ಕು ಬಣ್ಣದ ಕೆಲಸಕ್ಕೆ ನಾಲ್ಕು ಪ್ಲೇಟು: ನೀಲಿಗೆ ಸಯಾನ್, ಕೆಂಪಿಗೆ ಮಜೆಂಟಾ, ಹಳದಿ, ಕಪ್ಪು.

ಆಪರೇಟರು ಪರದೆಯ ಮೇಲೆ ಮೊದಲ ಮೂರು ಬಣ್ಣಗಳನ್ನು ಮರೆಮಾಡಿದರು. ಕಪ್ಪು ಅಕ್ಷರ ಕಪ್ಪಿನಲ್ಲಷ್ಟೇ ಇರುವ ಫೈಲಿನಲ್ಲಿ ಅಕ್ಷರಕ್ಕೆ ಏನೂ ಆಗಲಿಲ್ಲ. ಇನ್ನೊಂದು ಫೈಲಿನಲ್ಲಿ ಅದೇ ಮಾಡಿದಾಗ ಅಕ್ಷರ ಮಂಕಾಯಿತು. ಅದರ ಕಪ್ಪು ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಲ್ಲಿ ಹುಟ್ಟಿ, ಈ ನಾಲ್ಕು ಇಂಕಿನ ಸಿಎಮ್‌ವೈಕೆ ಆಗುವಾಗ ನಾಲ್ಕೂ ಪ್ಲೇಟಿಗೆ ಹಂಚಿಹೋಗಿತ್ತು. ಅಚ್ಚಾದ ಹಾಳೆಯ ಮೇಲೆ ಭೂತಗನ್ನಡಿ ಇಟ್ಟು ತೋರಿಸಿದರು. ಪ್ಲೇಟು ಕೂದಲೆಳೆಯಷ್ಟು ಸರಿದಿದ್ದರಿಂದ ಪ್ರತಿ ಅಕ್ಷರದ ಬದಿಗೆ ಕೆಂಪು ನೆರಳು. ‘ಷ್ಟ್ರ’ದ ಕೆಳಗಿನ ಒತ್ತುಗಳು ಇಂಕು ತುಂಬಿ ಮುದ್ದೆಯಾಗಿದ್ದವು. ಗುಂಡಗಿನ ಸಣ್ಣ ಸುಳಿಗಳೇ ಕನ್ನಡದ ಜೀವ. ಅದಕ್ಕಾಗಿ ಒಳಪುಟದ ಅಕ್ಷರ ನೂರಕ್ಕೆ ನೂರು ಬರಿಯ ಕಪ್ಪಾಗಿಯೇ ಇರಬೇಕು, ಇದರಲ್ಲಿ ರಾಜಿ ಕೂಡದು.

ಫೋಟೊಗಳ ಕಥೆ ಎಲ್ಲರಿಗೂ ಗೊತ್ತಿದ್ದರೂ ತಪ್ಪು ನಿಂತಿಲ್ಲ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 1200 ಪಿಕ್ಸೆಲ್ ಅಗಲದ ಚಿತ್ರ 4 ಇಂಚಿಗೆ ಸಾಕು, ಅದನ್ನೇ 8 ಇಂಚಿಗೆ ಎಳೆದರೆ ಮುಖ ಮಸುಕು. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಬೇಕು. ಮೊಬೈಲಿನಲ್ಲಿ ಹೊಳೆಯುವ ನೀಲಿ, ಗಿಳಿಹಸಿರು ಕಾಗದದ ಮೇಲೆ ಆ ಹೊಳಪು ಕೊಡುವುದಿಲ್ಲ. ಸಿಎಮ್‌ವೈಕೆಗೆ ಬದಲಿಸಿ, ಬಣ್ಣ ಎಷ್ಟು ಇಳಿಯುತ್ತದೆಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಗಾಢ ಹಿನ್ನೆಲೆಯಲ್ಲಿ ನಾಲ್ಕೂ ಇಂಕು ಸೇರಿ ಶೇಕಡಾ 300 ದಾಟಿದರೆ ಆರ್ಟ್ ಪೇಪರಿನಲ್ಲೂ ಹಾಳೆ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಬಣ್ಣ ಹತ್ತುತ್ತದೆ. ಹೊಳಪಿಲ್ಲದ ಮ್ಯಾಪ್‌ಲಿಥೋಗೆ ಇನ್ನೂ ಕಡಿಮೆ ಇಡಬೇಕು.

ಕೊನೆಗೆ ಕಟಿಂಗ್ ಯಂತ್ರ. ಹಾಳೆಗಳ ದಪ್ಪ ಕಟ್ಟನ್ನು ಬ್ಲೇಡು ಒಂದೇ ಏಟಿಗೆ ಇಳಿಸುವಾಗ ಸ್ವಲ್ಪವಾದರೂ ಆಚೀಚೆ ಆಗುತ್ತದೆ. ಅದಕ್ಕೇ ಬಣ್ಣ ಅಂಚಿನ ತನಕ ಇರುವ ಪುಟಕ್ಕೆ ನಾಲ್ಕೂ ಕಡೆ 3 ಮಿಲಿಮೀಟರ್ ‘ಬ್ಲೀಡ್’ ಬಿಡಬೇಕು, ದರ್ಜಿ ಹೊಲಿಗೆಗೆಂದು ಬಟ್ಟೆ ಬಿಟ್ಟಂತೆ. ಬಿಡದಿದ್ದರೆ ಮುಖಪುಟದ ಅಂಚಿಗೆ ಬಿಳಿ ಗೆರೆ ಕಾಣುತ್ತದೆ. ನಮ್ಮ ಪುಸ್ತಕಗಳು ಹೆಚ್ಚಾಗಿ 1/8 ಡೆಮಿ, ಕತ್ತರಿಸಿದ ಮೇಲೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಆದರೂ ಎಷ್ಟೋ ಫೈಲುಗಳು ಎ4ನಲ್ಲೇ ಬರುತ್ತವೆಯಂತೆ. ಅವನ್ನು ಕುಗ್ಗಿಸಿದಾಗ ಅಕ್ಷರವೂ ಕುಗ್ಗುತ್ತದೆ, ವಯಸ್ಸಾದವರು ಓದಲಾರರು. ಅಳತೆ ಮೊದಲ ದಿನವೇ ಗೊತ್ತಾಗಿರಬೇಕು. ಪುಟಗಳು 16 ಪುಟಗಳ ಫಾರಂಗೆ ಹೊಂದಿದರೆ ಕಾಗದವೂ ಉಳಿಯುತ್ತದೆ.

ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವೆನ್ನುವವರಿಗೆ 2001ರಲ್ಲಿ ಬಂದ ಐಎಸ್‌ಒ ಮಾನದಂಡ ಪಿಡಿಎಫ್/ಎಕ್ಸ್-1ಎ ಇದೆ. ಎಕ್ಸ್‌ಪೋರ್ಟ್ ಮಾಡುವಾಗ ಅದನ್ನು ಆರಿಸಿದರೆ ಫಾಂಟು ಒಳಗೇ ಸೇರಬೇಕು, ಆರ್‌ಜಿಬಿ ಉಳಿಯುವಂತಿಲ್ಲ. ಒಡೆದ ಒತ್ತನ್ನು ಮಾತ್ರ ಯಾವ ಮಾನದಂಡವೂ ಹಿಡಿಯುವುದಿಲ್ಲ. ಅದಕ್ಕೆ ಕನ್ನಡ ಓದುವ ಕಣ್ಣೇ ಬೇಕು.

ಆದ್ದರಿಂದ ಲಗ್ನಪತ್ರಿಕೆಯಾಗಲಿ ಪುಸ್ತಕವಾಗಲಿ, ಡಿಟಿಪಿ ಅಂಗಡಿಯಿಂದ ಏಳುವ ಮೊದಲು ಅದೇ ಪಿಡಿಎಫನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಸಿ, ಕಾಗದದ ಮೇಲೆ ಪ್ರಿಂಟು ತೆಗೆಸಿ, ಹೆಸರುಗಳನ್ನು ಒಂದೊಂದಾಗಿ ಓದಿ ನೋಡಿ. ಪ್ರೆಸ್ಸಿನವರಿಗೆ ಫೋನು ಮಾಡಿ ಅಳತೆ, ಬ್ಲೀಡ್, ಕಾಗದ ಕೇಳಿಕೊಳ್ಳಿ. ಪ್ಲೇಟಿನ ಮೇಲೆ ಮೂಡಿದ ತಪ್ಪನ್ನು ತಿದ್ದಲು ಬರುವುದಿಲ್ಲ, ಹೊಸ ಪ್ಲೇಟೇ ಮಾಡಿಸಬೇಕು.