ಊರಿಗೆ ಊರೇ ಮತ ಹಾಕಿದರೆ

ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಯಾಕಿಮಾ, ಸೇಬಿನ ತೋಟಗಳಿಗೆ ಹೆಸರಾದ ಸೀಮೆಯ ನಗರ. ತೋಟದ ಕೆಲಸಕ್ಕೆಂದು ಮೆಕ್ಸಿಕೋದಿಂದ ಬಂದ ಅನೇಕ ಕುಟುಂಬಗಳು ಅಲ್ಲಿಯೇ ನೆಲೆನಿಂತವು. 2010ರ ಜನಗಣತಿಯ ಪ್ರಕಾರ ನಗರದ ಸುಮಾರು 91 ಸಾವಿರ ಜನರಲ್ಲಿ ಶೇಕಡಾ 41ರಷ್ಟು ಮಂದಿ ಲ್ಯಾಟಿನೊ ಮೂಲದವರು. ಆದರೂ ಏಳು ಸದಸ್ಯರ ನಗರಸಭೆಗೆ ಅವರ ಪೈಕಿ ಒಬ್ಬರೂ 2015ರವರೆಗೆ ಆರಿಸಿ ಬಂದಿರಲಿಲ್ಲ.

ಇದಕ್ಕೆ ಕಾರಣವೇನು? ಪೌರತ್ವ ಪಡೆಯದವರಿಗೆ ಮತವಿಲ್ಲ, ಮಕ್ಕಳಿಗೂ ಇಲ್ಲ. ಹೀಗಾಗಿ ಮತದಾರರಲ್ಲಿ ಲ್ಯಾಟಿನೊ ಜನರ ಪಾಲು ಜನಸಂಖ್ಯೆಯ ಪಾಲಿಗಿಂತ ಕಡಿಮೆ. ಆದರೆ ಇದ್ದ ಮತಗಳಿಗೂ ಫಲ ಸಿಗದಂತೆ ಮಾಡಿದ್ದು ಚುನಾವಣೆಯ ಪದ್ಧತಿ. ಅಂತಿಮ ಸುತ್ತಿನಲ್ಲಿ ಪ್ರತಿಯೊಂದು ಸ್ಥಾನಕ್ಕೂ ಇಡೀ ನಗರವೇ ಮತ ಹಾಕುತ್ತಿತ್ತು. ನೂರು ಮತಗಳಲ್ಲಿ ಎಪ್ಪತ್ತು ಒಂದು ಕಡೆ, ಮೂವತ್ತು ಇನ್ನೊಂದು ಕಡೆ ಎಂದಿಟ್ಟುಕೊಳ್ಳಿ. ಮೂವತ್ತರ ಬಲಕ್ಕೆ ಎರಡು ಸ್ಥಾನವಾದರೂ ದಕ್ಕಬೇಕಲ್ಲವೇ? ದಕ್ಕುವುದಿಲ್ಲ. ಏಳಕ್ಕೆ ಏಳೂ ಎಪ್ಪತ್ತರ ಪಾಲು.

2012ರಲ್ಲಿ ಇಬ್ಬರು ನಿವಾಸಿಗಳು ಮೊಕದ್ದಮೆ ಹೂಡಿದರು. ಈ ಪದ್ಧತಿಯು 1965ರ ಮತದಾನ ಹಕ್ಕು ಕಾಯಿದೆಗೆ ವಿರುದ್ಧವೆಂದು 2014ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಬಳಿಕ ನಗರವನ್ನು ಏಳು ವಾರ್ಡುಗಳಾಗಿ ವಿಂಗಡಿಸಿ, ಆಯಾ ವಾರ್ಡಿನವರೇ ತಮ್ಮ ಸದಸ್ಯರನ್ನು ಆರಿಸುವ ಏರ್ಪಾಡಾಯಿತು. 2015ರ ನವೆಂಬರ್‌ನಲ್ಲಿ ಮೂವರು ಲ್ಯಾಟಿನೊ ಮಹಿಳೆಯರು ಗೆದ್ದು ಬಂದರು.

ಮತದ ಹಕ್ಕು ಕೊಟ್ಟರಷ್ಟೇ ಸಾಲದು, ಆ ಮತವನ್ನು ಯಾವ ಎಲ್ಲೆಯೊಳಗೆ ಎಣಿಸುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಯಾಕಿಮಾದ ಜನ ಕಂಡುಕೊಂಡದ್ದು ಇದನ್ನೇ.