ಗುಡ್ಡದೊಳಗಿನ ನೀರು

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಎಂಬೆಡೆಯಲ್ಲಿ, ಅಡಕೆಮರವೇರುವ ಕೂಲಿಯಿಂದಲೇ ಸಂಸಾರವನ್ನು ಸಾಗಿಸುತ್ತಿದ್ದ ಮಹಾಲಿಂಗ ನಾಯ್ಕರಿಗೆ, ಭೂಮಾಲಿಕರೊಬ್ಬರ ಔದಾರ್ಯದಿಂದ ಎರಡು ಎಕರೆ ನೆಲವೇನೋ ಲಭಿಸಿತು. ಆದರೆ ಅದು ನೀರಿನ ಸುಳಿವೇ ಇಲ್ಲದ ಬೋಳುಗುಡ್ಡದ ಇಳಿಜಾರು. ಬಾವಿ ತೋಡುವುದಾದರೆ ಮೇಲಿನಿಂದ ಮಣ್ಣೆತ್ತಲು ಇನ್ನೊಬ್ಬ ಆಳು ಬೇಕು, ಆಳಿಗೆ ಸಂಬಳ ಬೇಕು. ಅವರಲ್ಲಿದ್ದುದು ಪಿಕ್ಕಾಸು ಮಾತ್ರ.

ಮುರಕಲ್ಲಿನ ಗುಡ್ಡಗಳ ಆ ಸೀಮೆಯಲ್ಲಿ ಸುರಂಗ ಕೊರೆಯುವುದು ಪ್ರಾಚೀನ ವಿದ್ಯೆ. ಮನುಷ್ಯನೊಬ್ಬನು ನುಸುಳುವಷ್ಟು ಅಗಲದ ಮಾರ್ಗವನ್ನು ಗುಡ್ಡದ ಗರ್ಭಕ್ಕೆ ಅಡ್ಡಲಾಗಿ ಕೊರೆಯುತ್ತ ಹೋದರೆ, ಮಳೆಗಾಲದಲ್ಲಿ ಇಂಗಿದ ಜಲವು ಗೋಡೆಗಳಿಂದ ಜಿನುಗಿ, ಯಂತ್ರದ ಹಂಗಿಲ್ಲದೆ, ತಾನಾಗಿಯೇ ಹೊರಕ್ಕೆ ಹರಿದುಬರುವುದು. ಒಬ್ಬನೇ ಮಾಡಬಹುದಾದ ಕೆಲಸವೆಂಬುದೇ ಇದರ ಮಹತ್ತ್ವ.

ಹಗಲೆಲ್ಲ ಅನ್ಯರ ತೋಟದಲ್ಲಿ ದುಡಿದು ಬಂದು, ರಾತ್ರಿಯಲ್ಲಿ ಸೀಮೆಎಣ್ಣೆಯ ದೀಪವೊಂದರ ಮಂದ ಬೆಳಕಿನಲ್ಲಿ, ವರ್ಷಗಟ್ಟಲೆ ಅವರು ಕಲ್ಲನ್ನು ಕಡಿದರು. ಐದು ಸುರಂಗಗಳು ಒಣಗಿಯೇ ಉಳಿದುವು. ಜನರು ನಕ್ಕರು, ನಗದಿರುವುದಾದರೂ ಹೇಗೆ? ಲೌಕಿಕರ ಲೆಕ್ಕದಲ್ಲಿ ಎರಡನೆಯದಕ್ಕೇ ನಿಲ್ಲಿಸುವುದು ವಿವೇಕ. ನಾಯ್ಕರಾದರೋ ಪ್ರತಿ ಸಲವೂ ಜಾಗವನ್ನು ಬದಲಿಸಿ ಮತ್ತೆ ಕೊರೆದರು. ಇಂತಹ ಹಠವನ್ನು ಕೇವಲ ಶ್ರಮವೆಂದು ಕರೆದರೆ ಅರ್ಧ ಸತ್ಯವಾದೀತು. ಯಾರ ಅಪ್ಪಣೆಗೂ ಕಾಯದೆ ತಾನೇ ಮೊದಲಿಡುವ ಧೈರ್ಯವೂ ಅದರಲ್ಲಿದೆ.

ಕೊನೆಗೆ ನೀರು ಸಿಕ್ಕಿತು. 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಬಂದಿತು. ಸುರಂಗದಿಂದ ಇಳಿದುಬರುವ ಆ ನೀರು ತೊಟ್ಟಿಯಲ್ಲಿ ಸಂಗ್ರಹವಾಗಿ, ಅಡಕೆ, ತೆಂಗು, ಬಾಳೆ, ಕರಿಮೆಣಸುಗಳಿಗೆ ಹರಿಯುತ್ತದೆ.