ಔರಾದ ಹೆಸರಿಗೆ ಏನು ರೇಟು?

ಭಾಲ್ಕಿ ಬಸ್ ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿ ಒಂದು ಆನ್‌ಲೈನ್ ಸೆಂಟರ್. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಪರೀಕ್ಷೆ ಅರ್ಜಿ ಎಂದೆಲ್ಲ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಡೊಮೇನ್ ಎಂಬ ಮಾತೇ ಇಲ್ಲ. ಆದರೆ ಅದನ್ನು ನಡೆಸುವ ಹುಡುಗನ ಮೇಜಿನ ಡ್ರಾದಲ್ಲಿ ಒಂದು ಉದ್ದನೆಯ ಖಾತೆ ಪುಸ್ತಕ ಇದೆ. ಗಂಜಿನ ಅಡತಿ ಅಂಗಡಿಯಲ್ಲಿ ಇರುತ್ತದಲ್ಲ, ಕೆಂಪು ರಟ್ಟಿನದು, ಅಂಥದ್ದು. ಒಳಗೆ ಸ್ಕೇಲ್ ಇಟ್ಟು ಎಳೆದ ನಾಲ್ಕು ಕಾಲಂ: ಹೆಸರು, ತಗೊಂಡ ದಿನ, ಮುಗಿಯುವ ದಿನ, ಬಂದ ರೇಟು. ಮೊದಲ ಮೂರು ಕಾಲಂ ಭರ್ತಿ. ನಾಲ್ಕನೆಯದು ಬಹುತೇಕ ಖಾಲಿ.

ಅವನ ಬಳಿ 40ರ ಆಸುಪಾಸು ಡೊಮೇನ್, ಅಂದರೆ ಜಾಲತಾಣದ ವಿಳಾಸದ ಹೆಸರುಗಳಿವೆ. ಬಹುತೇಕ ಎಲ್ಲ .ಇನ್, ಅಂದರೆ ನಮ್ಮ ದೇಶದ ಕೋಡ್ ಹೊತ್ತವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಇವುಗಳ ಮುಂದೆ ಬೇಳೆ, ಬಿದ್ರಿ, ಪ್ಲಾಟ್, ಶಾದಿ, ನೌಕರಿ ಹೀಗೆ ಏನಾದರೊಂದು ಜೋಡಿಸಿದ್ದು. ಕೊಳ್ಳುವವರು ಯಾರಾದರೂ ಬಂದು ಕೇಳಿದರೆ ಹೆಚ್ಚು ಬೆಲೆಗೆ ಮಾರುವುದು ಲೆಕ್ಕಾಚಾರ.

"ಪ್ಲಾಟ್ ತಗೊಳ್ಳಾಕ ನಮ್ಮ ಹತ್ರ ರೊಕ್ಕ ಎಲ್ಲದ ಸರ? ಅದಕ್ಕ ಇವು ತಗೊಂಡೀನಿ. ಇವಕ್ಕ ಕಂಪೌಂಡ್ ಬ್ಯಾಡ, ಎನ್‌ಎ ಬ್ಯಾಡ."

ನನಗೆ ಅವನ ಉತ್ಸಾಹ ಹಿಡಿಸಿತು, ಲೆಕ್ಕ ಹಿಡಿಸಲಿಲ್ಲ. ಪ್ಲಾಟು ಒಮ್ಮೆ ರಜಿಸ್ಟ್ರಿಯಾದರೆ ಮೊಮ್ಮಕ್ಕಳವರೆಗೆ ಇರುತ್ತದೆ. ಡೊಮೇನ್ ಹಾಗಲ್ಲ, ಅದು ಲೀಸು. ಒಂದರಿಂದ 10 ವರ್ಷದವರೆಗೆ ಕಟ್ಟಬಹುದು, ಆಮೇಲೆ ಮತ್ತೆ ಕಟ್ಟಬೇಕು. ತಪ್ಪಿದರೆ ಹೆಸರು ಮಾರಿದ ರಿಜಿಸ್ಟ್ರಾರ್ ಕಂಪನಿ ಕೆಲವು ದಿನ ಕಾಯುತ್ತದೆ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅದೂ ಮುಗಿದರೆ 5 ದಿನಕ್ಕೆ ಹೆಸರು ಅಳಿಸಿಹೋಗಿ ಊರ ಮುಂದಿನ ಮಾಲು. ಅಳಿಯುವ ಆ ಗಳಿಗೆಗಾಗಿಯೇ ಕಾದು ಕೂತ ಯಂತ್ರಗಳಿವೆ, ಸೆಕೆಂಡಿನೊಳಗೆ ಎತ್ತಿಕೊಳ್ಳುತ್ತವೆ. ಹೆಸರೊಂದಕ್ಕೆ ವರ್ಷಕ್ಕೆ ಸುಮಾರು 800 ರೂಪಾಯಿ ಹಿಡಿದರೂ ಇವನ ಪುಸ್ತಕಕ್ಕೆ ವರ್ಷಕ್ಕೆ 30 ಸಾವಿರದ ಮೇಲೆ ಬೀಳುತ್ತದೆ. ಇಲ್ಲಿಯವರೆಗೆ ಕೈಗೆ ಬಂದದ್ದು ಒಂದೇ ದೊಡ್ಡ ಗಿರಾಕಿ: ಬೀದರ್ ಹೆಸರಿಗೆ ಬೇಳೆ ಜೋಡಿಸಿದ್ದನ್ನು ಹೈದರಾಬಾದಿನ ಪ್ಯಾಕಿಂಗ್‌ನವನೊಬ್ಬ 15 ಸಾವಿರಕ್ಕೆ ಕೊಂಡ. ವ್ಯಾಪಾರ ಕುದುರಿದ್ದು ಸೆಡೊ ಎಂಬ ಜರ್ಮನಿಯ ಹೆಸರು-ಸಂತೆಯಲ್ಲಿ. ದುಡ್ಡು ಮಧ್ಯಸ್ಥರ ಖಾತೆಗೆ ಬಿದ್ದ ಮೇಲೆ ಇವನು ಹೆಸರು ವರ್ಗಾಯಿಸುವ ಆಥ್ ಕೋಡ್ ಕೊಟ್ಟ, ಕಮಿಷನ್ ಕಳೆದು ಉಳಿದದ್ದು ಬಂತು. ಬೀದರಿನ ಗಾಂಧಿ ಗಂಜಿನಿಂದ ಬೇಳೆ ಹೈದರಾಬಾದಿಗೆ ಹೋಗುವುದು ಹೊಸದಲ್ಲ. ಅದರ ಹೆಸರೂ ಜರ್ಮನಿ ಸುತ್ತಿಕೊಂಡು ಹೋಯಿತು.

ಹುಡುಗನ ಆಸೆಗೆ ಗಾಳಿ ಹಾಕಿದ್ದು ಕೆರಿಬಿಯನ್ ಕಡಲಿನ ಒಂದು ದ್ವೀಪ. ಅಂಗ್ವಿಲಾದ ಜನಸಂಖ್ಯೆ 16 ಸಾವಿರದಷ್ಟು, ಅಂದರೆ ಭಾಲ್ಕಿ ಪಟ್ಟಣದ ಅರ್ಧವೂ ಇಲ್ಲ. ಅದರ ಪಾಲಿಗೆ ಬಂದ ಕೋಡ್ .ಎಐ. ಕೃತಕ ಬುದ್ಧಿಮತ್ತೆಯ ಗದ್ದಲ ಶುರುವಾದದ್ದೇ ತಡ, 2023ರಲ್ಲಿ ಹೆಸರು ನೋಂದಣಿಯೊಂದರಿಂದಲೇ ಸುಮಾರು 3.2 ಕೋಟಿ ಡಾಲರ್ ಬಂತು. ಸರ್ಕಾರದ ಒಟ್ಟು ಆದಾಯದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು. ಪೆಸಿಫಿಕ್ಕಿನ ಟುವಾಲು .ಟಿವಿಯನ್ನು ಗುತ್ತಿಗೆ ಕೊಟ್ಟು, ಬಂದ ಹಣದಲ್ಲಿ 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಇವೆಲ್ಲ ನಿಜ. ಆದರೆ ಅಲ್ಲಿ ಬೆಲೆ ಬಂದದ್ದು ಎರಡಕ್ಷರ ಆಕಸ್ಮಿಕವಾಗಿ ಇನ್ನೇನನ್ನೋ ಹೇಳಿದ್ದಕ್ಕೆ. ನಮ್ಮ .ಇನ್ ಬೆಲೆ ಇಲ್ಲಿನ ಗಿರಾಕಿಯನ್ನೇ ನಂಬಿಕೊಂಡಿದೆ.

.ಇನ್ ಹುಟ್ಟಿದ್ದು 1989ರಲ್ಲಿ. ಮುಂಬೈಯ ಎನ್‌ಸಿಎಸ್‌ಟಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅರ್ಜಿ, ದಾಖಲೆ, ಕಾಯುವಿಕೆ ಎಲ್ಲ ಇತ್ತು; 2004ರವರೆಗೆ ನೋಂದಾಯಿತವಾದದ್ದು 7 ಸಾವಿರದಷ್ಟು ಹೆಸರು ಮಾತ್ರ. 2005ರಲ್ಲಿ ನಿಕ್ಸಿ ಸಂಸ್ಥೆಯ ಕೈಗೆ ಬಂದು, ಮೊದಲು ಟ್ರೇಡ್‌ಮಾರ್ಕ್ ಇದ್ದವರಿಗೆ, ಫೆಬ್ರವರಿಯಿಂದ ಎಲ್ಲರಿಗೂ ಬಾಗಿಲು ತೆರೆಯಿತು. ಈಗ ಸಂಖ್ಯೆ 30 ಲಕ್ಷವನ್ನು ಯಾವಾಗಲೋ ದಾಟಿದೆ.

ಹೆಸರಿನ ವ್ಯಾಜ್ಯಕ್ಕೆ ದೇಶದಲ್ಲಿ ದಾರಿ ಹಾಕಿದ್ದೂ ನಮ್ಮ ಬೆಂಗಳೂರಿನ ಒಂದು ಕೇಸೇ. ಸತ್ಯಂ ಇನ್ಫೋವೇಯ 'ಸಿಫಿ' ಇದ್ದಾಗ ಇನ್ನೊಂದು ಕಂಪನಿ 'ಸಿಫ್ಫಿನೆಟ್' ಎಂದು ಇಟ್ಟುಕೊಂಡಿತು. ಸಿಟಿ ಸಿವಿಲ್ ಕೋರ್ಟ್ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಎಂದು ತಡೆಯನ್ನು ಮತ್ತೆ ಎತ್ತಿಹಿಡಿಯಿತು. ಮರುವರ್ಷ .ಇನ್‌ಗೇ ಪ್ರತ್ಯೇಕ ವಿವಾದ ನಿಯಮ ಬಂತು. ಮೂಲ ಮಾಲೀಕನಿಗೇ ದುಬಾರಿ ಬೆಲೆಗೆ ಮಾರುವ ಉದ್ದೇಶದಿಂದ ಹೆಸರು ಹಿಡಿದಿಟ್ಟರೆ ಮಧ್ಯಸ್ಥಗಾರ ಅದನ್ನು ಕಿತ್ತುಕೊಡಬಹುದು. ಕಂಪನಿಗಳ ಹೆಸರನ್ನು ಈ ಹುಡುಗ ಮುಟ್ಟುವುದಿಲ್ಲ. ಊರಿನ ಹೆಸರಿಗೆ ಒಬ್ಬನೇ ಯಜಮಾನ ಇಲ್ಲವಲ್ಲ, ಅದೇ ಅವನ ಧೈರ್ಯ.

ಅದೇ ಅವನ ತೊಂದರೆಯೂ ಹೌದು. ಅವನದು ಔರಾದ ತಾಲ್ಲೂಕಿನ ಹಳ್ಳಿ. ಅಭಿಮಾನದಿಂದ ಔರಾದ್ ಸೇರಿದ ಒಂದು ಹೆಸರು ತೆಗೆದುಕೊಂಡಿದ್ದ. ಒಂದು ದಿನ ಫೋನ್ ಬಂತು, ಮರಾಠಿಯಲ್ಲಿ. ಮಾತಾಡಿದವನು ಲಾತೂರ್ ಜಿಲ್ಲೆ ನಿಲಂಗಾ ತಾಲ್ಲೂಕಿನ ಔರಾದ್ ಶಹಾಜಾನಿಯವನು! ಕಲಬುರಗಿ ಪಕ್ಕದಲ್ಲೂ ಒಂದು ಔರಾದ ಇದೆ. ನಕಾಶೆಯಲ್ಲಿ ಬೀದರಿನದಕ್ಕೆ ಬ್ರಾಕೆಟ್ಟಿನೊಳಗೆ 'ಬಿ' ಹಾಕಿ ಬೇರೆ ಮಾಡುತ್ತಾರೆ, ಡೊಮೇನಿನಲ್ಲಿ ಬ್ರಾಕೆಟ್ಟಿಗೆ ಜಾಗವಿಲ್ಲ.

"ಎರಡು ಸಾವಿರ ಕೊಡ್ತೀನಿ ಅಂದ್ರು. ನಾ ಇಪ್ಪತ್ತು ಅಂದೆ. ಆಮ್ಯಾಲ ಫೋನೇ ಎತ್ತಿಲ್ಲ ನೋಡ್ರಿ."

ಸ್ಪೆಲಿಂಗಿನದು ಇನ್ನೊಂದು ಜೂಜು. 2006ರ ಸುವರ್ಣ ಕರ್ನಾಟಕದ ಹೊತ್ತಿಗೆ ಯು.ಆರ್. ಅನಂತಮೂರ್ತಿ ಅವರ ಸಲಹೆಯಿಂದ ಎದ್ದ ಊರ ಹೆಸರಿನ ಮಾತು ಜಾರಿಯಾದದ್ದು 2014ರ ನವೆಂಬರ್ 1ಕ್ಕೆ. 12 ಊರುಗಳು ಇಂಗ್ಲಿಷಿನಲ್ಲಿ ಹೊಸ ವೇಷ ತೊಟ್ಟವು. ಗುಲ್ಬರ್ಗ ಹೋಗಿ ಕಲಬುರಗಿ ಬಂತು. ನಡುವಿನ ಆ ಎಂಟು ವರ್ಷದಲ್ಲಿ ಹೊಸ ಸ್ಪೆಲಿಂಗ್ ಕೊಂಡಿಟ್ಟವನು ಜಾಣ. ಬೀದರ್ ಆ ಪಟ್ಟಿಯಲ್ಲಿ ಇರಲಿಲ್ಲ, ಇದ್ದಂತೆಯೇ ಉಳಿಯಿತು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಪುಸ್ತಕದ ಕೊನೆಯ ಪುಟ. ಅಲ್ಲಿ .ಭಾರತ ಹೆಸರುಗಳಿದ್ದವು, ಪೂರ್ತಿ ಕನ್ನಡದಲ್ಲಿ. ದೇವನಾಗರಿಯ ಭಾರತ 2014ರಲ್ಲೇ ಬಂತು, ಕನ್ನಡದ್ದು ಆಮೇಲೆ. ನಾವು .ಭಾರತ ಎಂದು ಓದುವುದನ್ನು ಜಾಲದ ಯಂತ್ರಗಳು ಓದುವುದು 'ಎಕ್ಸ್ಎನ್, ಎರಡು ಅಡ್ಡಗೆರೆ, 2ಎಸ್‌ಸಿಆರ್‌ಜೆ9ಸಿ' ಎಂದು. ಹುಡುಗ ಅದನ್ನು ಬಾಯಿಪಾಠ ಮಾಡಿದ್ದಾನೆ, ಮಗ್ಗಿ ಒಪ್ಪಿಸುವವನ ಹಾಗೆ ಹೇಳಿದ.

ಇಲ್ಲಿ ಬೀದರ ಮತ್ತು ಬೀದರ್ ಎರಡು ಬೇರೆ ಆಸ್ತಿ. ನಮ್ಮ ಕಡೆ ಬರೆಯುವುದು ಬೀದರ, ಬೆಂಗಳೂರಿನ ಪತ್ರಿಕೆಗಳಲ್ಲಿ ಬೀದರ್. ಒಂದನ್ನು ಕೊಂಡವನು ಇನ್ನೊಂದನ್ನೂ ಕೊಳ್ಳದಿದ್ದರೆ ಅರ್ಧ ಗಿರಾಕಿ ಪಕ್ಕದ ಮನೆಗೆ. ಔರಾದಕ್ಕೆ ಬಂದರೆ ಇನ್ನೂ ಮೋಜು. 'ಔ' ಕೀಲಿಯನ್ನು ಒತ್ತಿದರೆ ಒಂದು ಅಕ್ಷರ. 'ಒ' ಬರೆದು ಅದಕ್ಕೆ ಔತ್ವ ಹಚ್ಚಿದರೆ ಕಣ್ಣಿಗೆ ಹೆಚ್ಚು ಕಡಿಮೆ ಅದೇ, ಯಂತ್ರಕ್ಕೆ ಬೇರೆ. ಇಂಥ ಕಣ್ಕಟ್ಟು ತಡೆಯಲೆಂದೇ ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ನವ-ಬ್ರಾಹ್ಮಿ ಸಮಿತಿ ಎಂದೊಂದನ್ನು ಮಾಡಿ ಒಂಬತ್ತು ಲಿಪಿಗಳಿಗೆ ನಿಯಮ ಬರೆಸಿತು. ವ್ಯಂಜನದ ಬೆನ್ನಿಗಲ್ಲದೆ ಸ್ವರಚಿಹ್ನೆ ಬರಕೂಡದು ಎಂಬುದು ಅದರಲ್ಲೊಂದು. ಕನ್ನಡದ ಕಡತದಲ್ಲಿ ತೆಲುಗಿನೊಂದಿಗೆ ಹೋಲುವ ಅಕ್ಷರಗಳ ಪಟ್ಟಿಯೇ ಇದೆ. ಬೀದರದ ಬ, ದ, ರ ಮೂರನ್ನೂ ತೆಲುಗಿನಲ್ಲಿ ಬರೆದು ನೋಡಿ, ತಲೆಕಟ್ಟಿನ ಕೊಂಕಷ್ಟೇ ವ್ಯತ್ಯಾಸ. ಜಹೀರಾಬಾದಿನಿಂದ ಅಂಗಡಿಗೆ ಬರುವ ಗಿರಾಕಿಗಳಿಗೆ ಇವನು ಇದನ್ನು ಸ್ಕ್ರೀನ್ ಮೇಲೆ ಬರೆದು ತೋರಿಸುತ್ತಾನಂತೆ. ಪಹಣಿ ತೆಗೆಸಲು ಬಂದವರು ಇದನ್ನೂ ಕೇಳಿಸಿಕೊಂಡು ಹೋಗಬೇಕು.

ಇಷ್ಟೆಲ್ಲ ಚಂದ ಇದ್ದರೂ ಕನ್ನಡ ಹೆಸರಿಗೆ ಮರುಮಾರಾಟವೇ ಇಲ್ಲ. 2022ರಲ್ಲಿ ನಿಕ್ಸಿ .ಇನ್ ಕೊಂಡವರಿಗೆ ಒಂದು ವರ್ಷ ಭಾರತೀಯ ಭಾಷೆಯ ಹೆಸರನ್ನು ಪುಕ್ಕಟೆ ಕೊಟ್ಟಿತು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಕೊಂಡಾರು? ಅದಕ್ಕಿಂತ ದೊಡ್ಡ ಅಡ್ಡಿ ಇಮೇಲ್. ಕನ್ನಡದ ವಿಳಾಸ ಹಾಕಿದರೆ ಎಷ್ಟೋ ಅರ್ಜಿಗಳ ಖಾನೆ 'ತಪ್ಪಾಗಿದೆ' ಎಂದು ಕೆಂಪಾಗುತ್ತದೆ. ಹೀಗಾಗಿ ಕನ್ನಡದ ಸೈಟು ಮಾಡುವವರೂ ವಿಳಾಸವನ್ನು ರೋಮನ್ನಿನಲ್ಲೇ ಇಡುತ್ತಾರೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಊರಲ್ಲಿ ಮಕ್ಕಳಿಗೂ ಗೊತ್ತು. ಅಂದು ಬೋರ್ಡು ಬದಲಿಸಲು ಸರ್ಕಾರದ ಹೆದರಿಕೆ ಇತ್ತು. ಇಂದು ಬರೀ ಒಂದು ಖಾನೆಯ ಸಾಫ್ಟ್‌ವೇರ್ ಅಡ್ಡ ಬರುತ್ತಿದೆ ಎಂಬುದು ನನಗೆ ಸಿಟ್ಟು ತರಿಸುವ ವಿಷಯ.

ಬೀದರಿಗೆ ಬಂದು ಚೌಬಾರಾದ ಹತ್ತಿರ ಬಿದ್ರಿ ಕೆಲಸದವರೊಬ್ಬರನ್ನು ವಿಚಾರಿಸಿದೆ. ಸತು-ತಾಮ್ರದ ಕಪ್ಪು ಹೂಜಿಯ ಮೇಲೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಕೂರಿಸುತ್ತಲೇ ಮಾತಾಡಿದರು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಸ್ವಂತ ಡೊಮೇನ್ ಇದೆಯೇ ಎಂದರೆ ಅವರು ಮೊಬೈಲ್ ಎತ್ತಿ ವಾಟ್ಸ್ಆ್ಯಪ್ ತೋರಿಸಿದರು. ಆರ್ಡರು, ಫೋಟೊ, ಅಡ್ವಾನ್ಸು ಎಲ್ಲ ಅದರಲ್ಲೇ. ಬಿದ್ರಿ ಸೇರಿದ ಹೆಸರೊಂದನ್ನು ಭಾಲ್ಕಿಯಲ್ಲಿ ಒಬ್ಬ ಹಿಡಿದಿಟ್ಟಿದ್ದಾನೆ ಎಂದೆ. "ಇಟ್ಕೊಳ್ಳಲಿ ಬಿಡ್ರಿ, ಕೋಟೆ ಮಣ್ಣು ಇಲ್ಲದ ಅವಂಗ ಏನ್ ಮಾಡ್ಲಾಕ ಬರ್ತದ?" ಕಪ್ಪು ಬರಿಸಲು ಬೀದರ್ ಕೋಟೆಯ ಮಣ್ಣೇ ಬೇಕು ಎಂಬುದು ಅವರ ಮಾತಿನ ಅರ್ಥ. ಹೆಸರು ಕೊಳ್ಳಬೇಕಾದವರಿಗೇ ಅದು ಬೇಕಿಲ್ಲ ಎಂದರೆ ಮಾರುವವನ ರೇಟು ಎಲ್ಲಿಂದ ಬರಬೇಕು? ಇದೇ ಮಾತನ್ನು ನಾನು ಫೋನಿನಲ್ಲಿ ಹುಡುಗನಿಗೆ ಹೇಳಿದೆ. ಅವರ ಮಗ ಕೊಳ್ಳುತ್ತಾನೆ, ನೋಡುತ್ತಿರಿ ಎಂದ.

ಈ ವರ್ಷ ಅವನೂ ಕೆಲವು ಸಾಲಿಗೆ ಗೀಟು ಹಾಕಿದ್ದಾನೆ. ಮೊದಲು ಹೋದದ್ದು ಊರಿನ ಹೆಸರಿಗೆ ಬ್ಯಾಂಕ್ ಸೇರಿಸಿದ್ದು. ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಬ್ಯಾಂಕ್.ಇನ್ ಘೋಷಿಸಿ, ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಅಲ್ಲಿಗೆ ಬರಬೇಕೆಂದಿತು. ಕೊಡುವವರು ಹೈದರಾಬಾದಿನ ಐಡಿಆರ್‌ಬಿಟಿ ಮಾತ್ರ. ಅಲ್ಲಿ ದಲ್ಲಾಳಿಗೆ ಪ್ರವೇಶವೇ ಇಲ್ಲ. ಮೋಸದ ಲಿಂಕು ತಡೆಯಲು ಮಾಡಿದ್ದು, ಒಳ್ಳೆಯದೇ ಆಯಿತು. ಇನ್ನೆರಡು ಹೆಸರು ಹೋದದ್ದು ಹಳೆಯ ಸಿಮ್ ಬಂದ್ ಆಗಿ ನವೀಕರಣದ ಓಟಿಪಿ ಬಾರದೆ. ಈಗ ಪುಸ್ತಕದ ಮೊದಲ ಪುಟದಲ್ಲೇ ಯಾವ ನಂಬರು, ಯಾವ ಇಮೇಲ್ ಎಂದು ದಪ್ಪಗೆ ಬರೆದುಕೊಂಡಿದ್ದಾನೆ.

ಔರಾದದ ಹೆಸರನ್ನು ಮಾತ್ರ ಒಮ್ಮೆಗೇ 5 ವರ್ಷಕ್ಕೆ ಕಟ್ಟಿದ್ದಾನೆ. ಸ್ವಂತ ತಾಲ್ಲೂಕು ಅಂತಲಾ ಎಂದು ಕೇಳಿದೆ.

"ಇಲ್ರಿ ಸರ, ಅವ್ರು ಮತ್ತ ಫೋನ್ ಮಾಡ್ತಾರ. ಈ ಸಲ ಹದಿನೈದಕ್ಕ ಕೊಟ್ಟಬಿಡ್ತೀನಿ."